ಎಡಗೈ ಕೋವಿಯ ಮೇಜರ್

ನನ್ನ ಅಣ್ಣ ಪ್ರೇಮನಾಥ ಯಾರ ಮನೆಯಲ್ಲಿ ಚಹಾ ಕೊಟ್ಟರೂ ಮೊದಲು ಮೂಸಿ ನೋಡುತ್ತಿದ್ದ. ವಿಷ ಹಾಕಿ ಕೊಲ್ಲುವಷ್ಟು ದೊಡ್ಡ ಮನುಷ್ಯ ನೀನಲ್ಲ ಎಂದು ನಾನು ಎದುರಿಗೇ ಹೇಳಿದ್ದೇನೆ. ಅವನು ನಗುತ್ತಿರಲಿಲ್ಲ. ಸೈನ್ಯದಲ್ಲಿ ಇಪ್ಪತ್ತು ವರ್ಷ ದುಡಿದು ಮೇಜರ್ ಆಗಿ ಮನೆಗೆ ಬಂದವನು, ಆಮೇಲಿನ ಒಳ್ಳೆಯ ವರ್ಷಗಳನ್ನೆಲ್ಲ ಒಂದು ಹೊಸ ಕೋವಿ ಕಂಡುಹಿಡಿಯುವುದಕ್ಕೆ ಸುರಿದವನು. ಇಂಥವರ ಬಗ್ಗೆ ಬರೆಯುವಾಗ ದೇಶಭಕ್ತಿ, ತ್ಯಾಗ ಎಂದೆಲ್ಲ ಬರೆಯಬೇಕಂತೆ. ನನಗೆ ಅದು ಬರುವುದಿಲ್ಲ. ನಾನು ಅವನ ತಂಗಿ ಸುಂದರಿ, ಅವನ ಉಗುರಿನಿಂದ ಜುಟ್ಟಿನವರೆಗೆ ನನಗೆ ಗೊತ್ತು.

ಅವನ ಅನುಮಾನ ಸೈನ್ಯದಲ್ಲಿ ಅಂಟಿದ್ದು ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲಿ ಅಪ್ಪನ ಹೋಟೆಲಿನ ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಬೆಳೆಯುತ್ತಿದ್ದಾಗಲೇ ಅದು ಇತ್ತು. ಅವನದು ಎಡಗೈ. ಎಡಗೈಯಲ್ಲಿ ಉಣ್ಣಬಾರದೆಂದು ಅಮ್ಮ ಊಟದ ಹೊತ್ತಿಗೆ ಆ ಕೈಯನ್ನು ಮೈ ಒರೆಸುವ ಬೈರಾಸಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ತಾನು ಬಲಗೈಯಲ್ಲಿ ತಡವರಿಸುವಷ್ಟರಲ್ಲಿ ತಂಗಿ ಜಾಸ್ತಿ ತಿನ್ನಲಿ ಎಂದೇ ಅಮ್ಮ ಹೀಗೆ ಮಾಡುತ್ತಾಳೆ ಎಂಬುದು ಅವನ ತೀರ್ಮಾನ. ನಾನು ಜಾಸ್ತಿ ತಿಂದದ್ದು ನಿಜ. ಆದರೆ ಅಮ್ಮನ ಮನಸ್ಸಿನಲ್ಲಿ ಅದು ಇರಲಿಲ್ಲ.

ಸೈನ್ಯದಲ್ಲಿ ಅವನು ಇದ್ದದ್ದು ಕೆಟ್ಟ ಕೋವಿ, ಕೆಟ್ಟ ಲಾರಿ ರಿಪೇರಿ ಮಾಡುವ ಇಂಜಿನಿಯರುಗಳ ವಿಭಾಗದಲ್ಲಿ. ಕಾಶ್ಮೀರದ ಒಂದು ಠಾಣೆಯಲ್ಲಿ ಎಡಚನಾದ ಜವಾನನೊಬ್ಬ ಎಡ ಹೆಗಲಿಗೆ ಕೋವಿ ಇಟ್ಟು ಗುಂಡು ಹೊಡೆದಾಗ, ಕೋವಿಯ ಬಲಬದಿಯಿಂದ ಸಿಡಿಯುವ ಖಾಲಿ ತೋಟೆ ಬಿಸಿಬಿಸಿಯಾಗಿ ಅವನ ಕಣ್ಣಿಗೇ ಬಡಿಯಿತಂತೆ. ಕಣ್ಣು ಹೋಯಿತು. ಕೋವಿಗಳನ್ನೆಲ್ಲ ಬಲಗೈಯವರು ಬಲಗೈಯವರಿಗೋಸ್ಕರ ಮಾಡಿಟ್ಟಿದ್ದಾರೆ ಎಂದು ಅಣ್ಣನಿಗೆ ಹೊಳೆದದ್ದು ಆಗ. ಖಾಲಿ ತೋಟೆಯನ್ನು ಪಕ್ಕಕ್ಕೆ ಎಸೆಯದೆ ನೇರ ಕೆಳಕ್ಕೆ ಉದುರಿಸುವ ಕೋವಿ ಮಾಡಿದರೆ ಯಾವ ಕೈಯವನೂ ಹೊಡೆಯಬಹುದು. ಈ ಯೋಚನೆ ಅವನ ತಲೆಗೆ ಹೊಕ್ಕಿತು, ಮತ್ತೆ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಬಡ್ತಿ ತಪ್ಪಿತು. ಯಾರೋ ಕತ್ತರಿ ಹಾಕಿದರು ಎಂದು ಮುನಿಸಿಕೊಂಡು 2003ರಲ್ಲಿ ಸೈನ್ಯ ಬಿಟ್ಟು ಮುಂಬಯಿ ಪಕ್ಕದ ಐರೋಲಿಗೆ ಬಂದ. ನಮ್ಮ ಕಟ್ಟಡದ ಎದುರಿನ ಕಟ್ಟಡದಲ್ಲೇ ಮನೆ ಮಾಡಿದ.

ಗಂಡನ ಹೆಸರು ಹೇಳಬಾರದೆಂಬ ಕಾಲ ಮುಗಿದಿದೆ, ಹಾಗಾಗಿ ರಮಾಕಾಂತ ಎಂದೇ ಬರೆಯುತ್ತೇನೆ. ಐರೋಲಿಯ ಐಟಿ ಪಾರ್ಕಿನ ಪಕ್ಕ ರಮಾಕಾಂತರದು ಶಾಕಾಹಾರಿ ಹೋಟೆಲು. ಎದುರಿಗೆ ಸಿಕ್ಕವರನ್ನೆಲ್ಲ ನಂಬುವ ಜಾತಿ. ಈ ಬಾವ ಆ ಬಾವ ಇಬ್ಬರೂ ಹೇಗೆ ಒಟ್ಟಿಗೆ ಕೂತು ಮಾತಾಡುತ್ತಾರೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಅಣ್ಣ ಜಗತ್ತಿನಲ್ಲಿ ಮೂಸಿ ನೋಡದೆ ಚಹಾ ಕುಡಿಯುತ್ತಿದ್ದದ್ದು ರಮಾಕಾಂತರ ಕೌಂಟರಿನಲ್ಲಿ ಮಾತ್ರ.

ಗುಂಡು ಹಾರುವ ಕೋವಿ ಮಾಡಬೇಕಾದರೆ ಸರಕಾರದ ಲೈಸೆನ್ಸ್ ಬೇಕು. ಅಣ್ಣ ಅರ್ಜಿ ಹಾಕಿದ, ಅದು ದಿಲ್ಲಿಯಲ್ಲಿ ಎಲ್ಲೋ ಮಲಗಿತು. ಲೈಸೆನ್ಸ್ ಬರುವವರೆಗೆ ನಳಿಗೆಯಲ್ಲಿ ತೂತೇ ಇಲ್ಲದ ಒಂದು ನಮೂನೆ ಮಾಡುತ್ತೇನೆ ಎಂದು ತುರ್ಭೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗಾಲಾ ಎನ್ನುವ ಒಂದು ಸಣ್ಣ ಶೆಡ್ಡನ್ನು ಬಾಡಿಗೆಗೆ ಹಿಡಿದ. ತಗಡಿನ ಬಾಗಿಲು, ಒಂದು ಮೇಜು, ಒಂದು ಲೇತ್, ಮೂರು ಬೀಗ.

ಅವನು ಕೆಲಸ ಮಾಡುತ್ತಿದ್ದ ರೀತಿ ಕೇಳಬೇಕು. ಇಡೀ ಕೋವಿ ಯಾರ ಕಣ್ಣಿಗೂ ಬೀಳಬಾರದೆಂದು ಒಂದೊಂದು ಬಿಡಿಭಾಗವನ್ನು ಒಂದೊಂದು ಊರಿನಲ್ಲಿ ಮಾಡಿಸುತ್ತಿದ್ದ. ಸ್ಪ್ರಿಂಗು ಠಾಣೆ ನಗರದಲ್ಲಿ, ಪಿನ್ನುಗಳು ಕಲ್ಯಾಣದಲ್ಲಿ, ನಡುವಿನ ಉಕ್ಕಿನ ಗಟ್ಟಿ ಡೊಂಬಿವಿಲಿಯ ಫ್ಯಾಕ್ಟರಿ ಏರಿಯಾದಲ್ಲಿ. ಠಾಣೆಯವನಿಗೆ ಹೊಲಿಗೆ ಯಂತ್ರಕ್ಕೆ ಎನ್ನುವುದು, ಕಲ್ಯಾಣದವನಿಗೆ ನೀರಿನ ಪಂಪಿಗೆ, ಡೊಂಬಿವಿಲಿಯವನಿಗೆ ಇಡ್ಲಿ ಹಿಟ್ಟು ರುಬ್ಬುವ ಹೊಸ ಗ್ರೈಂಡರಿಗೆ. ತಾನೇ ಹೋಗಿ ತಂದರೆ ಯಾರಾದರೂ ಬೆನ್ನು ಹತ್ತುತ್ತಾರೆ ಎಂದು ಆ ತುಂಡುಗಳನ್ನೆಲ್ಲ ತರುವ ಕೆಲಸ ರಮಾಕಾಂತರಿಗೆ. ಹೋಟೆಲಿನ ತರಕಾರಿ ಟೆಂಪೋದಲ್ಲಿ, ಕೊತ್ತಂಬರಿ ಕಟ್ಟುಗಳ ಕೆಳಗೆ, ಭಾರತೀಯ ಸೇನೆಯ ಭವಿಷ್ಯ ಐರೋಲಿ ದಾಟಿ ತುರ್ಭೆಗೆ ಹೋಗುತ್ತಿತ್ತು. ಕೋವಿಯ ಎಲ್ಲ ಭಾಗಗಳನ್ನೂ ಕಣ್ಣಾರೆ ಕಂಡವರು ಜಗತ್ತಿನಲ್ಲಿ ಇಬ್ಬರೇ, ಅಣ್ಣ ಮತ್ತು ನನ್ನ ಗಂಡ.

ಅಣ್ಣನ ಹೆಂಡತಿ ಶರ್ಮಿಳಾಳಿಗೂ ಅವನು ಏನು ಮಾಡುತ್ತಿದ್ದಾನೆಂದು ಹೇಳಿರಲಿಲ್ಲ. ಬೇರೆ ಹೆಂಗಸು ಇದ್ದಾಳೆ ಎಂದು ಅವಳಿಗೆ ಸಂಶಯ. ಒಂದು ಮಧ್ಯಾಹ್ನ ರಿಕ್ಷಾ ಮಾಡಿಕೊಂಡು ತುರ್ಭೆಯವರೆಗೆ ಹಿಂಬಾಲಿಸಿ, ಗಾಲಾದ ಬಾಗಿಲ ಸಂದಿಯಲ್ಲಿ ಇಣುಕಿ ಬಂದು ನನ್ನ ಅಡುಗೆಮನೆಯಲ್ಲಿ ಕೂತಳು. ಮನೆಯೊಳಗೆ ನಮ್ಮದು ತುಳು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಹೆಂಗಸಾಗಿದ್ರೆ ಜಗಳ ಮಾಡ್ಬಹುದಿತ್ತು ಮಾರಾಯ್ತಿ" ಎಂದಳು. "ಒಂದು ಕಬ್ಬಿಣದ ತುಂಡು ಎದುರು ಇಟ್ಕೊಂಡು ನೋಡ್ತಾ ಕೂತಿದ್ದಾರೆ. ಇದಕ್ಕೆ ಎಂಥ ಮಾಡುವುದು?"

2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿಯಾದ ಮೇಲೆ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಬ್ಯಾಗು ಹಿಡಿದು ಬಂದ ಹಾಲಿನವನನ್ನೂ ವಾಚ್‌ಮನ್ ತಡೆದು ನಿಲ್ಲಿಸುತ್ತಿದ್ದ. ನಮ್ಮ ಅಣ್ಣನಿಗೆ ಮಾತ್ರ ಆ ಕಾಲ ಬಹಳ ಹಿಡಿಸಿತು, ತನ್ನ ದಾರಿಗೆ ಊರೆಲ್ಲ ಬಂತಲ್ಲ ಎಂದು. ಆದರೆ ಅವನ ಕಟ್ಟಡದ ಸೊಸೈಟಿಯವರ ಕಣ್ಣು ಅವನ ಮೇಲೆಯೇ ಬಿತ್ತು. ಯಾರೋ ದೂರು ಕೊಟ್ಟರು. ಪೊಲೀಸರು ಬಂದು ಗಾಲಾದ ಮೂರೂ ಬೀಗ ತೆಗೆಸಿ, ಅರ್ಧ ಮಾತ್ರ ಆಗಿದ್ದ ತೂತಿಲ್ಲದ ಕೋವಿಯನ್ನೂ ಅಣ್ಣನನ್ನೂ ಒಟ್ಟಿಗೆ ಕರೆದೊಯ್ದರು. ರಮಾಕಾಂತ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂತು, ಸೈನ್ಯದ ಕಾರ್ಡು ತೋರಿಸಿ, ತಮ್ಮ ಹರಕು ಮರಾಠಿಯಲ್ಲಿ ಪುಸಲಾಯಿಸಿ ಸಂಜೆಯೊಳಗೆ ಎರಡನ್ನೂ ಬಿಡಿಸಿಕೊಂಡು ಬಂದರು. ದೂರು ಕೊಟ್ಟದ್ದು ಯಾರೆಂದು ಅಣ್ಣ ಒಂದು ವರ್ಷ ಹುಡುಕಿದ. ಸೆಕ್ರೆಟರಿಯ ಮೇಲೆ ನನಗೂ ಸಂಶಯ ಇತ್ತು. ಆ ಮನುಷ್ಯ ಆಮೇಲೆ ನನ್ನನ್ನು ಕಂಡಾಗಲೆಲ್ಲ ಅನಾವಶ್ಯಕವಾಗಿ ನಗುತ್ತಿದ್ದ.

2011ರಲ್ಲಿ ನಮೂನೆ ಮುಗಿಯಿತು. ಅದೇ ವರ್ಷ ದಿಲ್ಲಿಯಲ್ಲಿ ಒಂದು ಶಸ್ತ್ರಾಸ್ತ್ರ ಪ್ರದರ್ಶನಕ್ಕೆ ಅಣ್ಣ ಹೋದ. ಅಲ್ಲಿ ಯಾವುದೋ ಹೊರದೇಶದ ಕಂಪೆನಿಯ ಮಳಿಗೆಯಲ್ಲಿ ಹೊಸ ಕೋವಿ ಇತ್ತು. ಎಡಗೈಯವರೂ ಬಳಸಬಹುದು ಎಂಬ ಬೋರ್ಡು. ಖಾಲಿ ತೋಟೆ ಕೆಳಕ್ಕೆ ಉದುರುತ್ತಿತ್ತು.

ಊರಿಗೆ ಬಂದವನು ಮನೆಗೆ ಹೋಗದೆ ಸೀದಾ ನಮ್ಮಲ್ಲಿಗೆ ಬಂದ. ಭಾನುವಾರ. ರಮಾಕಾಂತ ಮತ್ತು ನಮ್ಮ ಮಗಳು ಅಶ್ಮಿತಾ ಊಟಕ್ಕೆ ಕೂತಿದ್ದರು. ನಾನು ಅವನಿಗೂ ತಟ್ಟೆ ಇಟ್ಟೆ. ಅವನು ಕೂರಲಿಲ್ಲ.

"ಬಾವ, ಯಾರಿಗೆ ಕೊಟ್ಟಿರಿ?"

"ಎಂಥದು?"

"ಡಿಸೈನ್. ಬೇರೆ ಬೇರೆ ಕಡೆ ಮಾಡಿಸಿದ್ದನ್ನೆಲ್ಲ ನೋಡಿದ್ದು ನೀವೊಬ್ರೇ. ನಿಮ್ಮ ಹೋಟೆಲಿಗೆ ಕಂಪೆನಿಯವರು ಬರ್ತಾರೆ, ಪರದೇಶದವರು ಬರ್ತಾರೆ."

"ಅವ್ರು ಬರುವುದು ಮಸಾಲೆ ದೋಸೆಗೆ ಮಾರಾಯ. ನಿಮ್ಮ ಕೋವಿಯಲ್ಲಿ ಯಾವುದು ತಲೆ, ಯಾವುದು ಬಾಲ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ" ಎಂದರು ರಮಾಕಾಂತ.

ಅವರು ನಕ್ಕದ್ದು ತಪ್ಪಾಯಿತು. ಅಣ್ಣ ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, ನಮ್ಮವರು ಬಾಯಿಗೆ ತರಲು ಹೆದರುವ ಮಾತನ್ನು ಹೇಳಿಬಿಟ್ಟ. ಘಟ್ಟದ ಬುಡದಲ್ಲಿರುವ ಆ ಕ್ಷೇತ್ರದ ಹೆಸರೆತ್ತಿ ಆಣೆ ಹಾಕಿದ. ಇವತ್ತಿನಿಂದ ಈ ಮನೆಯ ನೀರು ನಾನು ಮುಟ್ಟುವುದಿಲ್ಲ, ನನ್ನ ಮನೆಯದ್ದು ನೀವು ಮುಟ್ಟಬಾರದು, ಸತ್ಯವನ್ನು ಸ್ವಾಮಿಯೇ ತೋರಿಸಲಿ, ಎಂದು.

ಬೇರೆ ಕಡೆಯವರಿಗೆ ಇದು ಸಿಟ್ಟಿನ ಮಾತು ಎನಿಸಬಹುದು. ನಮ್ಮ ಕರಾವಳಿಯವರಿಗೆ ಕೋರ್ಟಿನ ತೀರ್ಪಿಗಿಂತ ಇದು ಗಟ್ಟಿ. ಆಣೆ ಬಿದ್ದ ಮೇಲೆ ಎರಡು ಮನೆಗಳ ನಡುವೆ ಊಟವಿಲ್ಲ, ನೀರಿಲ್ಲ, ಮದುವೆಯಿಲ್ಲ, ಸಾವಿನ ಸೂತಕದ ಊಟವೂ ಇಲ್ಲ. ಅದನ್ನು ಬಿಡಿಸಬೇಕಾದರೆ ಹಾಕಿದವನೂ ಹಾಕಿಸಿಕೊಂಡವನೂ ಒಟ್ಟಿಗೆ ಅಲ್ಲಿಗೇ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ತಪ್ಪು ಕಾಣಿಕೆ ಹಾಕಿ ಬರಬೇಕು. ಬಿಡಿಸದೆ ಇಬ್ಬರಲ್ಲಿ ಒಬ್ಬರು ಸತ್ತರೆ ಅದು ಮಕ್ಕಳ ತಲೆಗೆ ಬರುತ್ತದೆ. ಹದಿನೈದು ಮಹಡಿಯ ಕಟ್ಟಡದಲ್ಲಿ ಲಿಫ್ಟಿನಲ್ಲಿ ಓಡಾಡುವವಳು ನಾನು, ಆದರೂ ಇದನ್ನು ನಂಬುತ್ತೇನೆ. ನಂಬದವರು ನಗಲಿ, ನನಗೆ ಅವರ ಹಂಗಿಲ್ಲ.

ಮರುವರ್ಷ ಅಮ್ಮ ತೀರಿಕೊಂಡಳು. ಉತ್ತರಕ್ರಿಯೆಯ ಊಟ ಡೊಂಬಿವಿಲಿಯ ಒಂದು ಸಭಾಂಗಣದಲ್ಲಿ. ಬಡಿಸಲು ನಿಂತದ್ದು ರಮಾಕಾಂತರ ಹೋಟೆಲಿನ ಹುಡುಗರು. ಹೆತ್ತ ಮಗ ಹೊರಗೆ ಮೆಟ್ಟಿಲ ಮೇಲೆ ಕೂತು ತಾನು ಮನೆಯಿಂದ ತಂದ ಬಾಟಲಿಯ ನೀರು ಕುಡಿದ. ಬಂದ ನಂಟರೆಲ್ಲ ಅವನನ್ನು ನೋಡಿದರು, ಆಮೇಲೆ ರಮಾಕಾಂತರನ್ನು ನೋಡಿದರು. ಮೇಜರ್ ಸುಮ್ಮನೆ ಆಣೆ ಹಾಕುವ ಮನುಷ್ಯನಾ, ಏನೋ ಇರಬೇಕು ಎಂದು ಕೈತೊಳೆಯುವಲ್ಲಿ ಒಬ್ಬರು ಹೇಳುವುದು ನನ್ನ ಕಿವಿಗೇ ಬಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

ಅನುಮಾನ ಎಂಬುದು ಅಂಟುರೋಗ. ಹೋಟೆಲಿಗೆ ಆ ವರ್ಷ ಹೊಸದಾಗಿ ಏಸಿ ಹಾಲ್ ಮಾಡಿಸಿದ್ದರು. ಇದು ಯಾವ ಗಂಟಿನಿಂದ ಬಂತು ಎಂದು ನನಗೂ ಒಂದು ಗಳಿಗೆ ಅನಿಸಿತು. ಕೇಳಿಯೇ ಬಿಟ್ಟೆ. ರಮಾಕಾಂತ ನನ್ನ ಮುಖವನ್ನೇ ನೋಡಿದರು, ಬ್ಯಾಂಕ್ ಸಾಲ ಎಂದರು, ಆಮೇಲೆ ಎರಡು ದಿನ ಮಾತಾಡಲಿಲ್ಲ. ಆವತ್ತಿನಿಂದ ಅವರು ನಗುವುದು ಕಡಿಮೆಯಾಯಿತು.

2015ರ ಮಳೆಗಾಲ ಮುಗಿಯುವಾಗ ರಮಾಕಾಂತರಿಗೆ ಎದೆನೋವು ಬಂತು. ಬೈಪಾಸ್ ಮಾಡಬೇಕು, ತಿಂಗಳೊಳಗೆ ಆಗಬೇಕು ಎಂದರು ಡಾಕ್ಟರು. ನನಗೆ ಕಣ್ಣ ಮುಂದೆ ಬಂದದ್ದು ಒಂದೇ. ಆಪರೇಶನ್ ಟೇಬಲಿನ ಮೇಲೆ ಏನಾದರೂ ಹೆಚ್ಚುಕಮ್ಮಿಯಾದರೆ ಆಣೆ ಅಶ್ಮಿತಾಳ ಮೇಲೆ ಇಳಿಯುತ್ತದೆ. ಅದಕ್ಕೆ ಮೊದಲು ಬಿಡಿಸಲೇಬೇಕು. ಶರ್ಮಿಳಾಳ ಮೂಲಕ ಹೇಳಿ ಕಳಿಸಿದೆ. ಬಾವ ಮೊದಲು ಒಪ್ಪಿಕೊಳ್ಳಲಿ, ಮತ್ತೆ ಬರುತ್ತೇನೆ ಎಂದು ಉತ್ತರ ಬಂತು. ಮಾಡದ್ದನ್ನು ಆ ಸ್ಥಳದಲ್ಲಿ ನಿಂತು ಮಾಡಿದ್ದೇನೆ ಎಂದು ಹೇಳುವುದಿಲ್ಲ ಎಂದು ರಮಾಕಾಂತ ಮಲಗಿದ್ದಲ್ಲಿಂದಲೇ ಹೇಳಿದರು. ಇಬ್ಬರೂ ಅವರವರ ಗೂಟಕ್ಕೆ ಕಟ್ಟಿಕೊಂಡು ಕೂತರು.

ಅಶ್ಮಿತಾ ಮಹಾಪೆಯ ಒಂದು ಕಂಪೆನಿಯಲ್ಲಿ ಕೆಲಸ ಮಾಡುತ್ತಾಳೆ. ತುಳು ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಆಣೆ ಗೀಣೆ ಅವಳಿಗೆ ತಮಾಷೆ. ಆದರೆ ಅಪ್ಪನನ್ನು ಕಳ್ಳ ಅನ್ನುವುದು ತಮಾಷೆಯಾಗಿರಲಿಲ್ಲ. ಒಂದು ಸಂಜೆ ಲ್ಯಾಪ್‌ಟಾಪ್ ತಂದು ನನ್ನ ಮಡಿಲಿಗೇ ಇಟ್ಟಳು.

"ಮಮ್ಮಿ, ಯೇ ದೇಖ್. ಮಾಮಾ ಕಾ ಗನ್ ತೋ ಪೆಹಲೇ ಸೇ ಹೈ."

ಮಾಮನ ಕೋವಿ ಮೊದಲೇ ಇದೆ ಎನ್ನುತ್ತಿದ್ದಳು. ಹಳೆಯ ಒಂದು ಬಂದೂಕಿನ ಚಿತ್ರ. ಎರಡನೇ ಮಹಾಯುದ್ಧಕ್ಕೂ ಮೊದಲು ಬೇಟೆಗಾರರಿಗೆ ಮಾಡಿದ್ದು. ಒಳಗಿನ ಭಾಗಗಳನ್ನು ಬಿಡಿಸಿ ತೋರಿಸಿದ್ದರು. ನನಗೆ ಯಂತ್ರ ಅರ್ಥವಾಗುವುದಿಲ್ಲ, ಅವಳು ಬೆರಳಿಟ್ಟು ತೋರಿಸಿದಳು. ತೋಟೆ ಕೆಳಗಿನಿಂದ ಒಳಗೆ ಹೋಗುತ್ತದೆ, ಖಾಲಿಯಾದದ್ದು ಅದೇ ಬಾಯಿಂದ ಕೆಳಕ್ಕೆ ಬೀಳುತ್ತದೆ. ಎಡಗೈ ಬಲಗೈ ಎರಡಕ್ಕೂ ಆಗುತ್ತದೆ. ದಿಲ್ಲಿಯಲ್ಲಿ ಕಂಡ ಕಂಪೆನಿಯೂ, ನಮ್ಮಣ್ಣನೂ, ಇನ್ನೂ ಯಾರ್ಯಾರೋ ಬೇರೆ ಬೇರೆಯಾಗಿ ಇದೇ ಜಾಗಕ್ಕೆ ಬಂದು ಮುಟ್ಟಿದ್ದರು. ನಮ್ಮಣ್ಣ ಹುಟ್ಟುವ ಎಷ್ಟೋ ಮೊದಲೇ ಯಾರೋ ಒಬ್ಬ ಅಲ್ಲಿಗೆ ಬಂದು ಹೋಗಿದ್ದ.

ನನಗೆ ಮೊದಲು ಸಂತೋಷವೇ ಆಯಿತು. ಗಂಡ ಕಳ್ಳ ಅಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಿತಲ್ಲ. ಮರುದಿನ ತುರ್ಭೆಯ ಗಾಲಾಕ್ಕೆ ಹೋದೆ. ಅಣ್ಣ ಬಾಗಿಲ ಸಂದಿಯಿಂದ ನೋಡಿ, ನನ್ನ ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಬಿಟ್ಟ. ಮೇಜಿನ ಮೇಲೆ ನಮೂನೆ ಇತ್ತು. ಎಣ್ಣೆ ಹಚ್ಚಿ ಒರೆಸಿ ಹೊಳೆಯುವ ಹಾಗೆ ಇಟ್ಟಿದ್ದ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಹಳೆಯ ಬಂದೂಕು, ಬೇಟೆಗಾರರು, ಕೆಳಕ್ಕೆ ಬೀಳುವ ತೋಟೆ.

ಅವನು ಬೆಚ್ಚಿ ಬೀಳುತ್ತಾನೆ ಎಂದುಕೊಂಡಿದ್ದೆ. ಅವನು ಮೇಜಿನ ಮೇಲಿನ ಧೂಳು ಒರೆಸಿದ.

"ಗೊತ್ತುಂಟು" ಎಂದ.

"ಯಾವಾಗಿಂದ?"

"ಆಣೆ ಹಾಕಿದ ವರ್ಷವೇ ಗೊತ್ತಾಯ್ತು. ಪೇಟೆಂಟಿಗೆ ಅಂತ ಠಾಣೆ ನಗರದ ಒಬ್ಬ ವಕೀಲನ ಹತ್ರ ಹೋಗಿದ್ದೆ. ಅವನೇ ತೋರಿಸಿದ. ಬೇಟೆ ಬಂದೂಕು ನೋಡುವ ಕೆಲಸ ಸೈನ್ಯದಲ್ಲಿ ನಮಗೆ ಇರ್ಲಿಲ್ಲ."

ನಾಲ್ಕು ವರ್ಷ. ಅಮ್ಮನ ಊಟಕ್ಕೆ ಮೆಟ್ಟಿಲ ಮೇಲೆ ಕೂತಾಗಲೂ ಇವನಿಗೆ ಗೊತ್ತಿತ್ತು. ಆ ಮೇಜನ್ನು ಮಗುಚಿ ಹಾಕುವಷ್ಟು ಸಿಟ್ಟು ಬಂತು ನನಗೆ.

"ಮತ್ತೆ ಯಾಕೆ ಅವರನ್ನು ಕಳ್ಳ ಮಾಡಿ ಇಟ್ಟೆ? ನಿನಗೆ ಎಂಥ ಸಿಕ್ತು ಅದ್ರಲ್ಲಿ?"

ಅವನು ನಮೂನೆಯ ಕಡೆ ನೋಡಿಕೊಂಡೇ ಉತ್ತರ ಕೊಟ್ಟ. "ಬಾವ ಕದ್ದಿದ್ದಾರೆ ಅಂದ್ರೆ ಅದು ನನ್ನದು ಅಂತ ಆಗ್ತದೆ ಸುಂದರಿ. ಕದ್ದಿಲ್ಲ ಅಂದ್ರೆ ನಾನು ಇಲ್ಲಿ ಇಷ್ಟು ವರ್ಷ ಎಂಥ ಮಾಡಿದ್ದು?"

ಅವನ ಮೇಲೆ ನನಗೆ ಅಷ್ಟು ಅಸಹ್ಯವೂ ಅಷ್ಟು ಕನಿಕರವೂ ಒಟ್ಟಿಗೆ ಆದದ್ದು ಅದೇ ಮೊದಲು. ಆದರೆ ನಾನು ಕನಿಕರಕ್ಕೆ ಬಂದವಳಲ್ಲ. ಆಪರೇಶನ್‌ಗೆ ಮೊದಲು ನೀನು ಬರಬೇಕು ಎಂದೆ. ಅವನು ಒಂದು ಕರಾರು ಹಾಕಿದ. ಬರುತ್ತೇನೆ, ಆದರೆ ಹಳೆಯ ಬಂದೂಕಿನ ಸುದ್ದಿ ಯಾರೂ ಎತ್ತಬಾರದು. ಬಾವ ಕದ್ದದ್ದನ್ನು ನಾನು ಕ್ಷಮಿಸಿದೆ ಎಂದು ಅಲ್ಲಿ ಹೇಳುತ್ತೇನೆ, ಅವರು ಎದುರು ಮಾತಾಡದೆ ತಲೆ ತಗ್ಗಿಸಿ ನಿಲ್ಲಬೇಕು. ಅಂದರೆ ಆಣೆ ಬಿಡುತ್ತದೆ, ಕಳ್ಳ ಎಂಬ ಹೆಸರು ಮಾತ್ರ ಉಳಿಯುತ್ತದೆ. ಮೇಜರ್ ಎಂದರೆ ಸುಮ್ಮನೆಯೇ.

ಮನೆಗೆ ಬಂದು ರಮಾಕಾಂತರಿಗೆ ಎಲ್ಲವನ್ನೂ ಹೇಳಿದೆ. ಈ ಕರಾರಿಗೆ ಒಪ್ಪಬೇಡಿ ಎಂದೂ ಹೇಳಲು ಬಾಯಿ ಬರಲಿಲ್ಲ, ಒಪ್ಪಿ ಎಂದೂ ಬರಲಿಲ್ಲ.

"ನಾನು ಬಾಯಿಬಿಟ್ಟು ಕದ್ದೆ ಅಂತ ಹೇಳ್ಲಿಕ್ಕಿಲ್ಲ ಅಲ್ವ?" ಎಂದು ಕೇಳಿದರು.

"ಇಲ್ಲ. ಸುಮ್ಮನೆ ನಿಂತ್ರೆ ಸಾಕು."

"ಹಾಗಾದ್ರೆ ಟಿಕೆಟ್ ಮಾಡ್ಸು. ಮಗಳ ತಲೆಗೆ ಬರುವುದಕ್ಕಿಂತ ನನ್ನ ಹೆಸರು ಹಾಳಾದ್ರೆ ಅಡ್ಡಿಲ್ಲ. ಕಳ್ಳ ಮಾಡಿದ ಸಾಂಬಾರಾದ್ರೂ ಜನ ತಿಂತಾರೆ."

ಠಾಣೆಯಿಂದ ಮೂವರೂ ಒಂದೇ ರೈಲಿಗೆ ಹತ್ತಿದೆವು. ಎದುರುಬದುರು ಸೀಟು. ಆಣೆ ಇನ್ನೂ ಬಿಟ್ಟಿರಲಿಲ್ಲವಾದ್ದರಿಂದ ಅಣ್ಣನ ಬುತ್ತಿ ಬೇರೆ, ನಮ್ಮ ಬುತ್ತಿ ಬೇರೆ. ದಾರಿಯುದ್ದಕ್ಕೂ ನನ್ನ ಕಣ್ಣು ಅವನ ಮೇಲೆಯೇ ಇತ್ತು. ಅಲ್ಲಿ ನಿಂತಾಗ ಹೇಳಬಾರದ್ದು ಇನ್ನೇನಾದರೂ ಸೇರಿಸಿಬಿಡುತ್ತಾನೆ ಎಂಬ ಭಯ. ರತ್ನಗಿರಿ ದಾಟಿದ ಮೇಲೆ ಅವನು ಕಿಟಕಿಯ ಕಡೆ ತಿರುಗಿ ಬಾಯಲ್ಲೇ ಏನನ್ನೋ ಕಂಠಪಾಠ ಮಾಡುತ್ತಿದ್ದ. ಸೈನ್ಯದವನಲ್ಲವೇ, ಹೇಳಬೇಕಾದದ್ದನ್ನು ಮೊದಲೇ ತಾಲೀಮು ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ.

ಆ ಸ್ಥಳದಲ್ಲಿ ನೂಕುನುಗ್ಗಲು ಎಷ್ಟಿದ್ದರೂ ಆಣೆಯ ಮಾತು ನಡೆಯುವ ಚಾವಡಿಯಲ್ಲಿ ಸದ್ದಿರುವುದಿಲ್ಲ. ಹಿರಿಯರೊಬ್ಬರು ಕೂತು ಎರಡು ಕಡೆಯವರನ್ನೂ ಕೇಳುತ್ತಾರೆ. ಗದರುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಮಗಿಂತ ಮೊದಲು ಗದ್ದೆಯ ಅಂಚಿಗಾಗಿ ಆಣೆ ಹಾಕಿಕೊಂಡ ಇಬ್ಬರು ಅಣ್ಣತಮ್ಮಂದಿರು ಅಳುತ್ತಾ ಎದ್ದು ಹೋದರು. ನಮ್ಮ ಸರದಿ ಬಂತು.

"ಆಣೆ ಹಾಕಿದವರು ಯಾರು?"

"ನಾನು" ಎಂದ ಅಣ್ಣ.

"ಎಂಥ ವಿಷಯಕ್ಕೆ?"

"ಇವರು ನನ್ನ ಬಾವ. ನಾನು ಕಂಡುಹಿಡಿದ ಒಂದು ವಸ್ತುವನ್ನು ಕದ್ದು ಬೇರೆಯವರಿಗೆ ಕೊಟ್ಟಿದ್ದಾರೆ ಅಂತ."

"ಈಗ ಎಂಥ ಹೇಳ್ತೀರಿ?"

ರಮಾಕಾಂತ ಕರಾರಿನಂತೆ ತಲೆ ತಗ್ಗಿಸಿದರು. ಎದೆನೋವಿನ ಮನುಷ್ಯ, ಒಂದು ಕೈ ಎದೆಯ ಮೇಲಿತ್ತು. ನಾನು ಅಣ್ಣನ ಬಾಯನ್ನೇ ನೋಡುತ್ತಿದ್ದೆ. ಕ್ಷಮಿಸಿದ್ದೇನೆ ಎಂಬ ಒಂದು ಮಾತು, ಅಷ್ಟು ಬಂದರೆ ಮುಗಿಯಿತು. ಅವನು ಪೊಲೀಸರಿಗೆ ಸುಳ್ಳು ಹೇಳಿದ್ದ, ಕಲ್ಯಾಣ ಠಾಣೆ ಡೊಂಬಿವಿಲಿಗಳಲ್ಲಿ ಊರಿಗೊಂದು ಸುಳ್ಳು ಹೇಳಿದ್ದ, ಕಟ್ಟಿಕೊಂಡವಳಿಗೆ ಹೇಳಿದ್ದ. ಇಲ್ಲಿ ಅವನಿಂದ ಆಗಲಿಲ್ಲ. ನಮ್ಮವರಿಂದ ಇಲ್ಲಿ ಆಗುವುದಿಲ್ಲ.

"ಬಾವ ಕದ್ದಿಲ್ಲ" ಎಂದ.

ಹಿರಿಯರು ತಲೆ ಎತ್ತಿದರು. "ಹಾಗಾದ್ರೆ ಕದ್ದದ್ದು ಯಾರು?"

"ಯಾರೂ ಅಲ್ಲ. ಕದಿಯುವಂಥದ್ದು ನನ್ನ ಹತ್ರ ಏನೂ ಇರ್ಲಿಲ್ಲ."

ಅವರು ಇದನ್ನು ದಿನವೂ ಕೇಳುವ ಮಾತೆಂಬಂತೆ ಕೇಳಿಸಿಕೊಂಡು, ಕಾಣಿಕೆ ಹಾಕಲು ಹೇಳಿ, ಮುಂದಿನವರನ್ನು ಕರೆದರು. ರಮಾಕಾಂತ ಅಣ್ಣನ ತೋಳು ಹಿಡಿದುಕೊಂಡರು. ಅಣ್ಣ ನೆಟ್ಟಗೆ ನಿಂತೇ ಇದ್ದ, ಕೈಗಳನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷದಿಂದ ನಾನು ಕೇಳಬೇಕೆಂದು ಹಂಬಲಿಸಿದ ಮಾತು ಅದೇ. ನನ್ನ ಗಂಡನ ಹೆಸರು ಚೊಕ್ಕವಾಯಿತು, ಮಗಳ ತಲೆಯ ಮೇಲಿನ ಭಾರ ಇಳಿಯಿತು. ಆದರೆ ಅಣ್ಣನ ಮುಖ ನೋಡಿದ ಮೇಲೆ, ಇದು ಸುಳ್ಳಾಗಲಿ, ಇವನ ಹತ್ತಿರ ಏನಾದರೂ ಇದ್ದಿರಲಿ, ಯಾರಾದರೂ ಅದನ್ನು ಕದ್ದಿರಲಿ ಎಂದು ನಾನು ಅದೇ ಸ್ವಾಮಿಗೆ ಕೈಮುಗಿದೆ.